ಮಂಗ ಸತ್ತ ಸುದ್ದಿ ಯಾರ ಕಿವಿಗೆ ಬೀಳಬೇಕು?

ಶಿವಮೊಗ್ಗ ಮಂಡಿಯಲ್ಲಿ ರಾಶಿ ಅಡಿಕೆ ಧಾರಣೆ ಕ್ವಿಂಟಲ್‌ಗೆ ಐನೂರು ರೂಪಾಯಿ ಏರಿತೆಂದರೆ ಸಂಜೆಯೊಳಗೆ ಆ ಸುದ್ದಿ ಸಾಗರದ ಚಹಾದಂಗಡಿ, ತೀರ್ಥಹಳ್ಳಿಯ ಬಸ್ ನಿಲ್ದಾಣ, ಹೊಸನಗರದ ಸಂತೆ, ಹೊಳೆಯಾಚೆ ತುಮರಿಯ ಕಿರಾಣಿ ಅಂಗಡಿ ಎಲ್ಲ ಕಡೆ ಮುಟ್ಟಿರುತ್ತದೆ. ಯಾರೂ ಡಂಗುರ ಹೊಡೆಸಬೇಕಿಲ್ಲ. ಲಾಭ ನಷ್ಟ ನಮ್ಮದೇ ಅನ್ನೋದು ಎಲ್ಲರಿಗೂ ಗೊತ್ತು.

ಅದೇ ಕಾಡಂಚಿನ ಸೊಪ್ಪಿನಬೆಟ್ಟದಲ್ಲಿ ಒಂದು ಮಂಗ ಸತ್ತು ಬಿದ್ದರೆ? ಆ ಸುದ್ದಿ ಎಷ್ಟು ದಿನಕ್ಕೆ, ಯಾರ ಮೇಜಿಗೆ ತಲುಪುತ್ತದೆ? ಇಲ್ಲಿಯೂ ಲಾಭ ನಷ್ಟ ನಮ್ಮದೇ. ಧಾರಣೆ ತಪ್ಪಿದರೆ ದುಡ್ಡು ಹೋದೀತು. ಇದು ತಪ್ಪಿದರೆ ಮನೆಯ ದುಡಿಯುವ ಜೀವವೇ ಹೋದೀತು.

ಬಯಲುಸೀಮೆಯವರಿಗೆ ಈ ಮಾತು ವಿಚಿತ್ರವಾಗಿ ಕಾಣಬಹುದು. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಡಿನಲ್ಲಿ ಮಂಗ, ಮುಸುವ ಸಾಲಾಗಿ ಸಾಯುತ್ತಿವೆ ಎಂದರೆ ಹಿಂದೆಯೇ ಮನುಷ್ಯರಿಗೂ ಜ್ವರ ಬರುವ ಸಂಭವ ಇದೆ ಎಂದು ಅರ್ಥ. ವೈದ್ಯರ ಪುಸ್ತಕದಲ್ಲಿ ಇದು ಕ್ಯಾಸನೂರು ಕಾಡಿನ ಕಾಯಿಲೆ. ಜನರ ಬಾಯಲ್ಲಿ ಮಂಗನ ಕಾಯಿಲೆ.

ರೋಗದ ಔಷಧಿ, ಲಸಿಕೆಯ ವಿಚಾರ ಆಗಾಗ ಚರ್ಚೆಯಾಗುತ್ತದೆ. ಅದಕ್ಕೂ ಹಿಂದಿನ ಪ್ರಶ್ನೆ ಒಂದಿದೆ. ರೋಗದ ಬಗ್ಗೆ ಸಂಶೋಧನೆ ಮಾಡುವವರು ಒಬ್ಬರು. ಆಸ್ಪತ್ರೆ ನಡೆಸುವವರು ಇನ್ನೊಬ್ಬರು. ಹಣ ಮಂಜೂರು ಮಾಡಿ ಆದೇಶ ಹೊರಡಿಸುವವರು ಮತ್ತೊಬ್ಬರು. ಈ ಮೂವರೂ ಒಂದು ಕಡೆ ಕೂತು ಮಾತಾಡುವುದು ಯಾವಾಗ?

ಕ್ಯಾಸನೂರಿನಿಂದ ಶುರುವಾದ ಕತೆ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಲೋಕಕ್ಕೆಲ್ಲ ಗೊತ್ತಾದದ್ದು 1957ರಲ್ಲಿ. ಜ್ವರ ಬಂದವರಿಗೆ ವಿಷಮಶೀತ ಜ್ವರ ಇರಬೇಕೆಂದು ಮೊದಮೊದಲು ಭಾವಿಸಲಾಗಿತ್ತು. ಆದರೆ ಕಾಡಿನಲ್ಲಿ ಮಂಗಗಳೂ ಸಾಯುತ್ತಿದ್ದವು. ಅಂದಿನ ಮೈಸೂರು ರಾಜ್ಯದ ಆರೋಗ್ಯ ಇಲಾಖೆ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ್ದ ಸಂಸ್ಥೆ ಅದು. 1978ರಿಂದ ಅದೇ ರಾಷ್ಟ್ರೀಯ ವೈರಾಣು ಸಂಸ್ಥೆ.

ಮಂಗಗಳ ಸಾವು, ಮನುಷ್ಯರಿಗೆ ಜ್ವರ ಎಂದ ಕೂಡಲೇ ವಿಜ್ಞಾನಿಗಳಿಗೆ ಆಫ್ರಿಕಾದ ಹಳದಿ ಜ್ವರ ಬಂದೇಬಿಟ್ಟಿತೋ ಎಂಬ ಗಾಬರಿ. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಪರೀಕ್ಷೆ ಮಾಡಿ ನೋಡಿದಾಗ ಸಿಕ್ಕಿದ್ದು ಬೇರೆಯೇ ವೈರಸ್, ರಷ್ಯದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್ಸಿನ ದಾಯಾದಿ. ಹರಡುವುದು ಸೊಳ್ಳೆಯಲ್ಲ, ಉಣುಗು. ತರಗಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ಕೂತಿರುವ ಉಣುಗಿನ ಮರಿ ಕಚ್ಚಿದರೆ ಸಾಕು.

ಆ ದಿನಗಳಲ್ಲಿ ಸಾಗರದಲ್ಲಿಯೇ ಸಂಶೋಧಕರು ಬೀಡುಬಿಟ್ಟಿದ್ದರು. ಪಿ.ಕೆ. ರಾಜಗೋಪಾಲನ್ ಅವರಂಥ ಕೀಟತಜ್ಞರು ವರ್ಷಗಟ್ಟಲೆ ಈ ಸೀಮೆಯ ಕಾಡು ಸುತ್ತಿದರು. ನೆಲದ ಮೇಲೆ ಬಟ್ಟೆ ಎಳೆದು, ಅದಕ್ಕೆ ಹತ್ತಿದ ಉಣುಗನ್ನು ಒಂದೊಂದಾಗಿ ಆರಿಸಿ ಎಣಿಸುವ ಕೆಲಸ ಅದು. ವೈರಸ್ಸನ್ನು ವಲಸೆ ಹಕ್ಕಿಗಳು ರಷ್ಯದಿಂದ ತಂದವೇ ಎಂಬ ಅನುಮಾನ ಬಂದು, ಪಕ್ಷಿತಜ್ಞ ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಕೈಗೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವೂ ಇತ್ತು. ಆಮೇಲೆ ಅಮೆರಿಕದ ಸೇನೆಯ ಹಣ ಇದರಲ್ಲಿ ಸೇರಿದೆ ಎಂಬುದು ದೊಡ್ಡ ವಿವಾದವಾಗಿ, 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೇ ಪ್ರಶ್ನೆ ಕೇಳುವಂತಾಯಿತು.

ಕೊಲಂಬಿಯಾ ದೇಶದ ವಿಜ್ಞಾನಿ ಹೋರ್ಗೆ ಬೊಶೆಲ್ ಇಲ್ಲಿ ಕೆಲಸ ಮಾಡಿ 1969ರಲ್ಲಿ ಒಂದು ಮಾತು ಬರೆದಿಟ್ಟರು. ಕಾಡು ಕಡಿದು ಗದ್ದೆ ತೋಟ ಮಾಡಿದ್ದು, ದನಕರು ಕಾಡಿಗೆ ನುಗ್ಗಿದ್ದು, ಅದರಿಂದ ಉಣುಗು ಹೆಚ್ಚಿದ್ದು ರೋಗ ಏಳಲು ಕಾರಣ ಎಂಬುದು ಅವರ ವಾದ. ಐವತ್ತು ವರ್ಷಕ್ಕೂ ಹಿಂದೆಯೇ ಹೇಳಿದ ಮಾತು. ಇದನ್ನು ಯಾವ ಕಂದಾಯ ಕಚೇರಿ ಓದಿತು? ಯಾವ ಅರಣ್ಯ ವಲಯಾಧಿಕಾರಿಯ ಕಡತಕ್ಕೆ ಸೇರಿತು? ರಾಕ್‌ಫೆಲ್ಲರ್ ನೆರವು ನಿಂತ ಮೇಲೆ ಆ ಕಾಲದ ಸಂಶೋಧನೆಯ ಅಬ್ಬರವೂ ಇಳಿಯಿತು. ವರದಿಗಳು ಇಂಗ್ಲಿಷ್ ಪತ್ರಿಕೆಗಳಲ್ಲಿ ಉಳಿದವು, ಉಣುಗು ಬೆಟ್ಟದಲ್ಲಿ ಉಳಿಯಿತು.

ಎತ್ತು ಏರಿಗೆ, ಕೋಣ ನೀರಿಗೆ

ಒಂದು ಮಂಗ ಸತ್ತರೆ ನಡೆಯಬೇಕಾದ ಕೆಲಸದ ಲೆಕ್ಕ ಹಾಕಿ ನೋಡಿ. ಮಂಗ ಕಾಡುಪ್ರಾಣಿ, ಆದ್ದರಿಂದ ಅರಣ್ಯ ಇಲಾಖೆಗೆ ತಿಳಿಸಬೇಕು. ಶವಪರೀಕ್ಷೆ ಮಾಡುವವರು ಪಶುವೈದ್ಯರು, ಅವರದು ಪಶುಪಾಲನಾ ಇಲಾಖೆ. ಮಾದರಿ ಪರೀಕ್ಷೆ ಆಗುವುದು ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲಿ. ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯ ಇರುವುದೇ ಇದಕ್ಕೆ. ಸತ್ತ ಜಾಗದ ಸುತ್ತ ಕೀಟನಾಶಕ ಪುಡಿ ಎರಚಬೇಕು. ಆ ಊರಿನ ಮನೆಮನೆಗೆ ಆಶಾ ಕಾರ್ಯಕರ್ತೆಯರು ಹೋಗಿ ಯಾರಿಗೆ ಜ್ವರ ಇದೆ ಎಂದು ಕೇಳಬೇಕು, ಮೈಕೈಗೆ ಹಚ್ಚುವ ಎಣ್ಣೆ ಕೊಡಬೇಕು. ಕಾಡಿಗೆ ಹೋಗಬೇಡಿ ಎಂದು ಗ್ರಾಮ ಪಂಚಾಯಿತಿ ಸಾರಬೇಕು.

ಅಂದರೆ ಒಂದು ಮಂಗಕ್ಕೆ ನಾಲ್ಕು ಇಲಾಖೆ. ಇದರಲ್ಲಿ ಒಂದು ಕೊಂಡಿ ಕಳಚಿದರೂ ಕೆಲಸ ಕೆಟ್ಟಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಗಾದೆ ಸರ್ಕಾರಿ ಕಚೇರಿಗಳನ್ನು ನೋಡಿಯೇ ಹುಟ್ಟಿರಬೇಕು ಎಂದು ಜನ ನಗುವುದುಂಟು. ನಗುವ ವಿಷಯ ಮಾತ್ರ ಇದಲ್ಲ.

ಕಾಯಿಲೆಯ ಕಾಲವೂ ಹಾಗೇ ಇದೆ. ನವೆಂಬರ್–ಡಿಸೆಂಬರ್‌ನಲ್ಲಿ ಶುರುವಾಗಿ ಮೇ ತನಕ. ಅಡಿಕೆ ಕೊನೆ ಕೊಯ್ಲು, ಸುಲಿತ, ಸೊಪ್ಪು ತರಗಲೆ ತರುವುದು, ಮಳೆಗಾಲಕ್ಕೆ ಸೌದೆ ಕೂಡಿಡುವುದು ಎಲ್ಲವೂ ಆಗಲೇ. ಕಾಡಿಗೆ ಹೋಗಬೇಡಿ ಎಂದು ಹೇಳುವುದು ಸುಲಭ. ಹೋಗದಿದ್ದರೆ ಒಲೆ ಉರಿಯುವುದು ಹ್ಯಾಗೆ, ತೋಟಕ್ಕೆ ಗೊಬ್ಬರ ಬರೋದು ಎಲ್ಲಿಂದ? ಈ ಸಂಗತಿ ಕೊನೆಗೌಡನಿಗೆ ಗೊತ್ತು, ಬೆಂಗಳೂರಿನ ಮೇಜಿಗೆ ಗೊತ್ತಿಲ್ಲ. ಯಾವ ಉಣುಗು ಯಾವ ತಿಂಗಳಲ್ಲಿ ಹೆಚ್ಚು ಎಂಬುದು ವಿಜ್ಞಾನಿಗೆ ಗೊತ್ತು, ಕೊನೆಗೌಡನಿಗೆ ಗೊತ್ತಿಲ್ಲ. ಎರಡೂ ತಿಳಿವಳಿಕೆ ಒಂದು ಕಡೆ ಸೇರಿದರೆ ತಾನೇ ಉಪಯೋಗ?

ಲಸಿಕೆ ಹೇಳುವ ಪಾಠ

ಸಂಶೋಧನೆಗೂ ಆಡಳಿತಕ್ಕೂ ಸಂಪರ್ಕ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಂಗನ ಕಾಯಿಲೆಯ ಲಸಿಕೆಯೇ ಸಾಕ್ಷಿ.

ಹಳೆಯ ಲಸಿಕೆಯನ್ನು ಒಂದು ತಿಂಗಳ ಅಂತರದಲ್ಲಿ ಎರಡು ಸಲ ಹಾಕಿಸಿಕೊಳ್ಳಬೇಕಿತ್ತು. ಆಮೇಲೆ ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಮತ್ತೆ ವರ್ಷ ವರ್ಷವೂ ಬೂಸ್ಟರ್. ನೋವು ಕೊಡುವ ಇಂಜೆಕ್ಷನ್ ಎಂದು ಜನ ಹಿಂಜರಿಯುತ್ತಿದ್ದರು. 2005ರಿಂದ 2010ರವರೆಗಿನ ಅಂಕಿಅಂಶ ಹಿಡಿದು ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಎರಡು ಡೋಸ್ ಹಾಕಿಸಿಕೊಂಡವರಿಗೆ ಸಿಕ್ಕ ರಕ್ಷಣೆ ಶೇ. 62.4, ಬೂಸ್ಟರ್ ಕೂಡ ಹಾಕಿಸಿಕೊಂಡವರಿಗೆ ಶೇ. 82.9. ಲಸಿಕೆ ತಕ್ಕಮಟ್ಟಿಗೆ ಕೆಲಸ ಮಾಡುತ್ತಿತ್ತು, ಆದರೆ ಹಾಕಿಸಿಕೊಂಡವರೇ ಕಡಿಮೆ. ಇದು ಆ ಅಧ್ಯಯನದ ಸಾರ.

2013ರ ಡಿಸೆಂಬರ್‌ನಿಂದ 2014ರ ಏಪ್ರಿಲ್‌ವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿ, ಅದರಲ್ಲೂ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಕಾಯಿಲೆ ಎದ್ದಿತು. ರೋಗ ಕಂಡ ಜಾಗದಿಂದ 5 ಕಿ.ಮೀ. ಸುತ್ತಳತೆಯೊಳಗೆ ಲಸಿಕೆ ಹಾಕುವುದು ಆಗಿನ ಪದ್ಧತಿ. ಆ ಹಾವಳಿಯನ್ನು ಅಭ್ಯಾಸ ಮಾಡಿದ ತಂಡ 2015ರಲ್ಲಿ ಹೇಳಿದ್ದು: 5 ಕಿ.ಮೀ. ಸಾಲದು, ಕನಿಷ್ಠ 10 ಕಿ.ಮೀ. ಆದರೂ ಬೇಕು. ಉಣುಗಿಗೂ ಮಂಗಕ್ಕೂ ಗ್ರಾಮ ಪಂಚಾಯಿತಿಯ ಗಡಿ ಗೊತ್ತಿಲ್ಲವಲ್ಲ!

ಇನ್ನೊಂದು ಲೆಕ್ಕವೂ ಇದೆ. ರೋಗ ಕಾಣಿಸಿಕೊಂಡ ಮೇಲೆ ಲಸಿಕೆ ಶುರು ಮಾಡಿದರೆ ಎರಡನೇ ಡೋಸ್ ಹೊತ್ತಿಗೆ ಸೀಸನ್ನೇ ಅರ್ಧ ಮುಗಿದಿರುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಕೊನೆಗೆ 2022ರಲ್ಲಿ ಆ ಲಸಿಕೆಯ ಬಳಕೆಯೇ ನಿಂತಿತು. ಅದು ಈಗ ಸಾಕಷ್ಟು ಪರಿಣಾಮಕಾರಿಯಲ್ಲ ಎಂಬ ಅಭಿಪ್ರಾಯಕ್ಕೆ ತಜ್ಞರು ಬಂದಿದ್ದರು. ಹಳೆಯದು ನಿಂತಿತು, ಆದರೆ ಅದರ ಜಾಗಕ್ಕೆ ಹೊಸದು ತಯಾರಿರಲಿಲ್ಲ. 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ ಹದಿಹರೆಯದ ಹುಡುಗಿಯೊಬ್ಬಳು ಈ ಕಾಯಿಲೆಗೆ ಬಲಿಯಾದಾಗ ರಾಜ್ಯವೆಲ್ಲ ಮತ್ತೆ ಈ ಕಡೆ ತಿರುಗಿ ನೋಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಗೆ ಕೈಹಾಕುವುದೆಂದು ಅದೇ ವರ್ಷ ಸರ್ಕಾರ ಪ್ರಕಟಿಸಿತು.

2013ರ ಅಧ್ಯಯನ ಬಂದ ದಿನವೇ ವಿಜ್ಞಾನಿ, ಜಿಲ್ಲಾ ಆರೋಗ್ಯಾಧಿಕಾರಿ, ಹಣಕಾಸು ನೋಡುವ ಕಾರ್ಯದರ್ಶಿ ಒಂದೇ ಮೇಜಿನ ಸುತ್ತ ಕೂತು 'ಇನ್ನು ಐದು ವರ್ಷಕ್ಕೆ ಹೊಸ ಲಸಿಕೆ ಬೇಕು, ಅಲ್ಲಿಯವರೆಗೆ ಹಳೆಯದನ್ನು ಹೀಗೆ ಹಾಕಬೇಕು' ಎಂದು ತೀರ್ಮಾನಿಸಿದ್ದರೆ? ಅಂಗಡಿ ಇಟ್ಟವನು ಕೂಡ ಗೋಣಿಯಲ್ಲಿ ಅಕ್ಕಿ ತಳ ಕಾಣುವ ಮೊದಲೇ ಮುಂದಿನ ಲೋಡಿಗೆ ಹೇಳಿರುತ್ತಾನೆ.

ಅರಳಗೋಡಿನ ಆ ವರ್ಷ

2018ರ ಡಿಸೆಂಬರ್‌ನಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಅನುಭವಿಸಿದ್ದನ್ನು ಈ ಭಾಗದವರು ಮರೆತಿಲ್ಲ. ಜೋಗ, ಕಾರ್ಗಲ್ ಆಚೆಯ ಸಣ್ಣ ಊರು. ಹತ್ತಕ್ಕೂ ಹೆಚ್ಚು ಜೀವ ಹೋಯಿತು. ಕಾಯಿಲೆಯಾದವರನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಸಾಗಿಸಬೇಕಾಯಿತು. ಮನೆ ಬಿಟ್ಟು ನೆಂಟರ ಊರಿಗೆ ಹೋದವರೂ ಇದ್ದರು.

ಕಾಕತಾಳೀಯವೋ ಏನೋ, ಅದೇ ಹೊತ್ತಿಗೆ ಒಂದು ಹೊಸ ಬಗೆಯ ಕೆಲಸವೂ ನಡೆಯುತ್ತಿತ್ತು. ಬ್ರಿಟನ್ನಿನ ಪರಿಸರ ಸಂಶೋಧನಾ ಕೇಂದ್ರದ ವಿಜ್ಞಾನಿ ಬೆಥನ್ ಪರ್ಸ್ ಮುಂದಾಳುತನದಲ್ಲಿ 'ಮಂಕಿ ಫೀವರ್ ರಿಸ್ಕ್' ಎಂಬ ಯೋಜನೆ. ಬೆಂಗಳೂರಿನ ಅಶೋಕ ಟ್ರಸ್ಟ್ ಆದ ಏಟ್ರೀ, ಪಶುರೋಗಗಳನ್ನು ಅಭ್ಯಾಸ ಮಾಡುವ ಯಲಹಂಕದ ನಿವೇದಿ, 2005ರಲ್ಲಿ ಶುರುವಾದ ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆ, ಕರ್ನಾಟಕದ ಆರೋಗ್ಯ ಇಲಾಖೆ ಎಲ್ಲ ಇದರೊಳಗೆ.

ಇವರ ವೈಶಿಷ್ಟ್ಯ ಏನೆಂದರೆ ಮೊದಲು ಕೇಳಿದ್ದು, ಆಮೇಲೆ ಅಳೆದದ್ದು. ಆರೋಗ್ಯ, ಅರಣ್ಯ, ಪಶುಪಾಲನೆ ಇಲಾಖೆಯವರನ್ನು ಕೂಡಿಸಿ 'ನಿಮಗೆ ಯಾವ ಮಾಹಿತಿ ಸಿಕ್ಕರೆ ಕೆಲಸಕ್ಕೆ ಬರುತ್ತದೆ?' ಎಂದು ವಿಚಾರಿಸಿ, ಅದಕ್ಕೆ ತಕ್ಕಂತೆ ಅಪಾಯದ ನಕ್ಷೆ ತಯಾರಿಸಿದರು. 2020ರಲ್ಲಿ ಪ್ರಕಟವಾದ ಆ ಕೆಲಸದ ಪ್ರಕಾರ ನಿತ್ಯಹಸಿರು ಕಾಡೂ ತೋಟವೂ ಒಂದರೊಳಗೊಂದು ಹೆಣೆದುಕೊಂಡಿರುವ, ನಾಟಿ ದನಗಳು ಹೆಚ್ಚಾಗಿರುವ ಕಡೆ ಅಪಾಯ ಜಾಸ್ತಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಚಿತ್ರವೇ ಅದು. ಬೊಶೆಲ್ 1969ರಲ್ಲಿ ಹೇಳಿದ್ದು ಅರ್ಧ ಶತಮಾನದ ನಂತರ ನಕ್ಷೆಯಾಗಿ ಬಂತು.

ಇದೇ ಬಳಗದವರು 2021ರಲ್ಲಿ ಇನ್ನೊಂದು ಮುಖ್ಯ ಮಾತು ಹೇಳಿದರು. ವರ್ಷಗಳಿಂದ ಮಾಡಿಕೊಂಡು ಬಂದ ಹಲವು ಕ್ರಮಗಳು ನಿಜಕ್ಕೂ ಎಷ್ಟು ಫಲ ಕೊಡುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆ ಕಡಿಮೆ ಎಂದು. ಪುಡಿ ಎರಚಿದ್ದರಿಂದ ಎಷ್ಟು ಉಪಯೋಗ, ಎಣ್ಣೆ ಹಚ್ಚಿದ್ದರಿಂದ ಎಷ್ಟು, ದನಕ್ಕೆ ಔಷಧಿ ಹಾಕಿದ್ದರಿಂದ ಎಷ್ಟು? ಲೆಕ್ಕ ಇಲ್ಲದೆ ಖರ್ಚು ಮಾಡುವ ವ್ಯಾಪಾರಿ ಉದ್ಧಾರವಾದದ್ದುಂಟೆ?

ಬೇರೆ ದೇಶಗಳಲ್ಲಿ ಹ್ಯಾಗೆ?

ಬ್ರಿಟನ್ನಿನಲ್ಲಿ ಹೆಲ್ತ್ ಸರ್ವಿಸಸ್ ರಿಸರ್ಚ್ ಯುಕೆ ಎಂಬ ಸಂಘ ಇದೆ. ಸಂಶೋಧಕರು, ಆಸ್ಪತ್ರೆಯ ಆಡಳಿತಗಾರರು, ನೀತಿ ರೂಪಿಸುವವರು ಇವರನ್ನೆಲ್ಲ ಒಂದೇ ಜಾಲದಲ್ಲಿ ಕೂಡಿಸುವುದು ಇಂಥ ಸಂಘದ ಕೆಲಸ. ಅಮೆರಿಕದಲ್ಲಿ ಅಕಾಡೆಮಿ ಹೆಲ್ತ್ ಇದೆ. ಜಗತ್ತಿನ ಮಟ್ಟದಲ್ಲಿ ಹೆಲ್ತ್ ಸಿಸ್ಟಮ್ಸ್ ಗ್ಲೋಬಲ್ ಎಂಬ ಸದಸ್ಯರ ಸಂಘ 2012ರಲ್ಲಿ ಬೀಜಿಂಗ್ ಸಮ್ಮೇಳನದ ಹೊತ್ತಿಗೆ ರೂಪುಗೊಂಡಿತು.

ಹೆಸರು ದೊಡ್ಡದಾದರೂ ಒಳಗಿನ ತತ್ವ ನಮ್ಮ ಸೊಸೈಟಿಯದೇ. ಅಡಿಕೆ ಬೆಳೆಗಾರರ ಸಹಕಾರ ಸಂಘಕ್ಕೆ ಸದಸ್ಯನಾದವನು ಷೇರು ಕಟ್ಟುತ್ತಾನೆ, ವಾರ್ಷಿಕ ಸಭೆಗೆ ಬರುತ್ತಾನೆ, ಲೆಕ್ಕ ಕೇಳುತ್ತಾನೆ. ಅಧ್ಯಕ್ಷ ಬದಲಾದರೂ ಸಂಘ ಇರುತ್ತದೆ. ಆರೋಗ್ಯದ ಜಾಲವೂ ಹಾಗೇ. ಯೋಜನೆಗೆ ಅವಧಿ ಇದೆ, ಹಣ ಮುಗಿದರೆ ಯೋಜನೆ ಮುಗಿಯಿತು. ಅಧಿಕಾರಿಗೆ ವರ್ಗಾವಣೆ ಇದೆ. ಸಂಘಕ್ಕೆ ವರ್ಗಾವಣೆ ಇಲ್ಲ.

ಮಲೆನಾಡಿನಲ್ಲಿ ಕೊರತೆ ಇರುವುದು ಇಲ್ಲಿಯೇ. ಕಾಯಿಲೆ ಎದ್ದ ವರ್ಷ ಸಚಿವರು ಬರುತ್ತಾರೆ, ಸಭೆ ಆಗುತ್ತದೆ, ತಜ್ಞರ ತಂಡ ಬರುತ್ತದೆ. ಮಳೆ ಹಿಡಿಯಿತೆಂದರೆ ಉಣುಗಿನ ಜೊತೆ ಸಭೆಯೂ ಅಡಗುತ್ತದೆ. ಅಷ್ಟರಲ್ಲಿ ವಿಷಯ ತಿಳಿದುಕೊಂಡ ಅಧಿಕಾರಿಗೆ ಬೇರೆ ಜಿಲ್ಲೆಗೆ ವರ್ಗ. ಹೊಸಬರಿಗೆ ಉಣುಗು ಅಂದರೇನು ಎಂಬಲ್ಲಿಂದ ಮತ್ತೆ ಪಾಠ.

ಸೇತುವೆ ಬಂತು, ಇನ್ನೊಂದು ಬೇಕು

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಶರಾವತಿ ಹಿನ್ನೀರಿನಾಚೆ ಉಳಿದ ಕರೂರು ಸೀಮೆಯವರು ಪಟ್ಟ ಪಾಡು ಸಿಗಂದೂರಿಗೆ ಹೋಗಿಬಂದ ಭಕ್ತರಿಗೂ ಗೊತ್ತು. ಸಂಜೆಯಾದರೆ ಲಾಂಚ್ ಇಲ್ಲ. ರಾತ್ರಿ ಜ್ವರ ನೆತ್ತಿಗೇರಿದವರನ್ನು ಸಾಗರದ ಆಸ್ಪತ್ರೆಗೆ ಒಯ್ಯಬೇಕಾದರೆ ಸುತ್ತುದಾರಿಯೇ ಗತಿ. ದಶಕಗಳ ಕೂಗಿನ ನಂತರ ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಆಂಬುಲೆನ್ಸ್ ನೇರ ಹೊಳೆ ದಾಟುವ ಹಾಗಾಯಿತು.

ರಸ್ತೆಯ ಸೇತುವೆ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುತ್ತದೆ. ರೋಗಿಯೇ ಆಗದಂತೆ ನೋಡಿಕೊಳ್ಳಲು ಬೇಕಾದದ್ದು ಕಾಡಂಚಿನ ಮನೆಗೂ ಪ್ರಯೋಗಾಲಯಕ್ಕೂ, ಪ್ರಯೋಗಾಲಯಕ್ಕೂ ವಿಧಾನಸೌಧಕ್ಕೂ ನಡುವಿನ ಸೇತುವೆ. ಅದಕ್ಕೆ ನೂರಾರು ಕೋಟಿ ಬೇಡ. ಶಿವಮೊಗ್ಗದಲ್ಲಿಯೋ ಸಾಗರದಲ್ಲಿಯೋ ಒಂದು ಕಾಯಂ ಕೂಟ ಸಾಕು. ವೈದ್ಯರು, ಪಶುವೈದ್ಯರು, ಅರಣ್ಯದವರು, ಸಂಶೋಧಕರು, ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು, ಬೆಳೆಗಾರರ ಸಂಘದವರು ಸದಸ್ಯರಾಗಲಿ. ಅಕ್ಟೋಬರ್‌ನಲ್ಲಿ, ಅಂದರೆ ಸೀಸನ್ನಿಗೆ ಮೊದಲು, ಒಂದು ಸಭೆ. ಜೂನ್‌ನಲ್ಲಿ ಲೆಕ್ಕ ಒಪ್ಪಿಸುವ ಇನ್ನೊಂದು ಸಭೆ. ಹೊಸದಾಗಿ ತಿಳಿದದ್ದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ರತಿ ಬಸ್ ನಿಲ್ದಾಣ, ಪ್ರತಿ ನ್ಯಾಯಬೆಲೆ ಅಂಗಡಿಗೆ ಅಂಟಿಸುವುದು. ಹತ್ತು ಜನ ಸೇರಿದ ಕಡೆ ಹಾವು ಸಾಯೋದಿಲ್ಲ ಎಂಬ ಮಾತುಂಟು. ಜವಾಬ್ದಾರಿ ಯಾರದೆಂದು ಬರೆದಿಡದಿದ್ದರೆ ಹಾಗೇ ಆಗುವುದು. ಬರೆದಿಟ್ಟರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಹಾಗೆಂದು ಕೂಟ ಆಗುವವರೆಗೆ ಸುಮ್ಮನೆ ಕೂರಬೇಕಿಲ್ಲ. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗಾಗಲಿ, ಅಂಗಡಿಗೆ ಬಂದ ಗಿರಾಕಿಯಿಂದಾಗಲಿ ಹೆದರಬೇಕಾದ್ದಿಲ್ಲ. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಒಗೆಯುವುದು. ಏಕಾಏಕಿ ಜ್ವರ, ತಡೆಯಲಾರದ ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ಅಂಗಡಿಯಲ್ಲಿ ನಿಲ್ಲದೆ ನೇರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಬೇಗ ಹೋದವರಿಗೆ ಬೇಗ ಆರೈಕೆ ಸಿಗುತ್ತದೆ, ಬದುಕುವ ದಾರಿಯೂ ಅದೇ.

ಸತ್ತ ಮಂಗ ಕಂಡರೆ ಮುಟ್ಟುವುದು ಬೇಡ, ಹೂಳುವುದೂ ಬೇಡ, ಸುಡುವುದೂ ಬೇಡ. ಅರಣ್ಯ ಇಲಾಖೆಗೋ ಆಶಾ ಕಾರ್ಯಕರ್ತೆಗೋ ಅವತ್ತೇ ತಿಳಿಸಿ. ಜನ ತಮ್ಮ ಪಾಲಿನ ಈ ಕೆಲಸ ಮಾಡಿದ ಮೇಲೆ, ಆ ಸುದ್ದಿಯನ್ನು ಮುಂದಿನ ಮೇಜಿಗೆ ದಾಟಿಸುವ ಕೆಲಸ ಸರ್ಕಾರದ್ದು. ಬರುವ ಸೀಸನ್ನಿಗೆ ಮೊದಲು ಜಿಲ್ಲಾಡಳಿತ ಮತ್ತು ಆರೋಗ್ಯ ಇಲಾಖೆ ಇತ್ತ ಗಮನ ಹರಿಸುವುದೆ?